ಬಾಗಿಲಂಗಳದ ಕಾಗದದ ಹೂ

ಕೊರ್ದೊಬಾ
೨೦ ಫೆಬ್ರವರಿ ೧೯೯೧

ಫೆರ್ಮಿನ್,

ಚೆನ್ನಾಗಿದ್ದೀಯೆಂದುಕೊಂಡಿದ್ದೇನೆ. ಮಂಡಿನೋವು ಹೇಗಿದೆ ಎಂದು ಕೇಳುವುದಿಲ್ಲ. ಕೇಳಿದರೆ ನಾಲ್ಕು ಪುಟ ಅದನ್ನೇ ಬರೆಯುತ್ತೀಯ. ಎಂಟು ವರ್ಷದ ಮೇಲೆ ನಿನ್ನ ಹೆಂಡತಿಯ ಅಕ್ಷರ ಕಂಡು ಇಲ್ಲಿ ಯಾರೋ ಸತ್ತಿರಬೇಕೆಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ನನಗೆ ಸುಸ್ತಾಗಿದೆ, ಅಷ್ಟೆ. ನಿದ್ದೆ ಮಾಡಿ ಎದ್ದರೂ ಹೋಗದ ಸುಸ್ತು.

ವಿಷಯ ನಿನ್ನ ಕಾಗದದ ಹೂವಿನ ಬಳ್ಳಿಯದು. ಬರುವ ಸೋಮವಾರ ಅದನ್ನು ಕಡಿಯುತ್ತಾರೆ. ನಮ್ಮ ಮದುವೆಯ ವರ್ಷ ನೆಟ್ಟವನು ನೀನು, ನಿನಗೆ ತಿಳಿಸುವುದು ನ್ಯಾಯ ಅನ್ನಿಸಿತು.

ಅರಮನೆಯ ಅಂಗಳಗಳನ್ನೆಲ್ಲ ಟ್ರಸ್ಟಿನವರು ಒಂದೊಂದಾಗಿ ಹಳೆಯ ಕಾಲದಲ್ಲಿದ್ದಂತೆಯೇ ಮಾಡುತ್ತಿದ್ದಾರೆ. ಈಗ ಸರದಿ ನಿನ್ನ ಅಜ್ಜಿಯ ಕಾಲದಿಂದ ನಾವು ನೋಡಿಕೊಂಡು ಬಂದ ಬಾಗಿಲಂಗಳಕ್ಕೆ ಬಂದಿದೆ. ಇದಕ್ಕಾಗಿ ಸೆವಿಲ್ಲಾದಿಂದ ಲೆಯೊನೊರ್ ಎಂಬ ಹುಡುಗಿ ಬಂದಿದ್ದಾಳೆ. ಓದಿದವಳು, ಆದರೂ ಒಳ್ಳೆಯವಳು. ನನ್ನ ಅಡುಗೆಮನೆಯಲ್ಲೇ ಕೂತು ಕಾಫಿ ಕುಡಿಯುತ್ತಾಳೆ. ಗೋಡೆಯ ತೇವ ನೋಡಲೆಂದು ಬಳ್ಳಿ ಸರಿಸಿದಾಗ ಅವಳ ಕಣ್ಣಿಗೆ ಆ ಉಬ್ಬು ಬಿತ್ತು. ಪ್ರತಿವರ್ಷ ಏಣಿ ಹತ್ತಿ, ತಲೆ ತಗುಲಿಸಿಕೊಂಡು, ನೀನು ಬಾಯಿಗೆ ಬಂದಂತೆ ಬೈಯುತ್ತಿದ್ದೆಯಲ್ಲ, ಅದೇ ಉಬ್ಬು. ಸಣ್ಣ ಚಾಕು ಹಿಡಿದು ವಾರಗಟ್ಟಲೆ ಕೆರೆದರು. ಸುಣ್ಣದ ಕೆಳಗೆ ಸುಣ್ಣ, ಅದರ ಕೆಳಗೆ ಮತ್ತೆ ಸುಣ್ಣ. ಕೊನೆಗೆ ಕಲ್ಲಿನ ಕಮಾನು ಕಾಣಿಸಿತು. ಅದರ ನೆತ್ತಿಯಲ್ಲೊಂದು ದಾಳಿಂಬೆ ಬಿರಿದಿದೆ. ಕಾಳುಗಳನ್ನು ಬಿಡಿಬಿಡಿಯಾಗಿ ಕೆತ್ತಿದ್ದಾರೆ, ಫೆರ್ಮಿನ್.

ಅದನ್ನು ಮುಚ್ಚಿದವರು ಯಾರು ಹೇಳು? ನಾವೇ. ಮೇ ತಿಂಗಳ ಅಂಗಳದ ಹಬ್ಬ ಹತ್ತಿರ ಬಂತೆಂದರೆ ಕೈಗೆ ಕುಂಚ ಬರುತ್ತಿತ್ತು. ನಿನ್ನ ಅಜ್ಜಿ ಬಳಿದಳು, ನಿನ್ನ ಅಮ್ಮ ಬಳಿದಳು, ಆಮೇಲೆ ನಾನು. ಗೋಡೆ ಹಾಲಿನಂತಿದೆಯೆಂದು ಒಂದು ವರ್ಷ ಬಹುಮಾನವೂ ಬಂದಿತ್ತು. ಆ ದಿನ ನೀನು ಮಾವನ ಕೋಟು ಹಾಕಿಕೊಂಡು ಫೋಟೋಕ್ಕೆ ನಿಂತಿದ್ದೆ. ಫೋಟೋದಲ್ಲಿ ನಿನ್ನ ತಲೆಯ ಮೇಲೆಯೇ ಇದೆ ಆ ಉಬ್ಬು.

ಕಮಾನು ಕಾಣಬೇಕಾದರೆ ಬಳ್ಳಿ ಇರುವ ಹಾಗಿಲ್ಲ. ಬಳ್ಳಿ ಮಾತ್ರವಲ್ಲ, ನನ್ನ ಜೆರೇನಿಯಂ ಕುಂಡಗಳೂ ಗೋಡೆಯಿಂದ ಇಳಿಯಬೇಕಂತೆ. ಕಾಗದದ ಹೂ ಬ್ರೆಜಿಲ್‌ನಿಂದ ಬಂದದ್ದು, ಜೆರೇನಿಯಂ ಆಫ್ರಿಕಾದ ತುದಿಯಿಂದ. ಆ ದಾಳಿಂಬೆ ಕೆತ್ತಿದ ಕಾಲಕ್ಕೆ ಇಲ್ಲಿ ಇವೆರಡೂ ಇರಲಿಲ್ಲ. ಕಹಿ ಕಿತ್ತಳೆ, ಮಲ್ಲಿಗೆ, ಮಿರ್ಟಲ್ ಗಿಡದ ಬೇಲಿ, ನಡುವೆ ನೀರಿನ ತೊಟ್ಟಿ. ಇನ್ನು ಮುಂದೆ ಇಷ್ಟೇ.

ನಾನು ಸುಮ್ಮನಿರಲಿಲ್ಲ. ಕಿತ್ತಳೆಯೂ ಅರಬರ ಜೊತೆ ಬಂದದ್ದಲ್ಲವೇ, ಅದನ್ನೇಕೆ ಇಟ್ಟುಕೊಳ್ಳುತ್ತೀರಿ ಎಂದು ಕೇಳಿದೆ. ಅವಳು ಲೋಟ ಕೆಳಗಿಟ್ಟಳು.

"ಎಲ್ಲಾನೂ ಎಲ್ಲಿಂದಲೋ ಬಂದಿದ್ದೇ ಕಸಿಲ್ದಮ್ಮಾ. ಆದ್ರೆ ಇಲ್ಲಿಗೆ ಸಾಕು ಅಂತ ಯಾರಾದ್ರೂ ಒಬ್ರು ಹೇಳ್ಬೇಕಲ್ವಾ? ಈ ಸಲ ಆ ಕೆಲ್ಸ ನನ್ನ ತಲೆಗೆ ಬಂದಿದೆ."

ಜಗಳಕ್ಕೆ ಸಿದ್ಧಳಾಗಿದ್ದವಳು ಅವಳ ಲೋಟಕ್ಕೆ ಮತ್ತೆ ಕಾಫಿ ಬಗ್ಗಿಸಿದೆ. ನಿಜ ಹೇಳಬೇಕೆಂದರೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಇದನ್ನು ಪಕ್ಕದ ಮನೆಯ ಪೂರಾಗೂ ಹೇಳಿಲ್ಲ. ಅವಳಾದರೋ ದಿನಾ ಬಂದು ನನ್ನ ಕುಂಡಗಳ ಮುಂದೆ ಮೂಗು ಒರೆಸಿಕೊಳ್ಳುತ್ತಾಳೆ, ಹಾಗೆಯೇ ಯಾವುದು ತನ್ನ ಪಾಲಿಗೆ ಬಂದೀತೆಂದು ಕಣ್ಣಲ್ಲೇ ಆರಿಸಿಕೊಳ್ಳುತ್ತಾಳೆ.

ಕುಂಡಗಳಿಗೆ ನೀರುಣಿಸುವ ಗಳ ಎತ್ತಿ ಎತ್ತಿ ನನ್ನ ಭುಜ ಹೋಗಿದೆ, ಫೆರ್ಮಿನ್. ಇಂದಿಗೂ ನೀನು ಕತ್ತರಿಸಿಕೊಟ್ಟ ಅದೇ ಗಳ, ತುದಿಗೆ ಟೊಮೆಟೊ ಡಬ್ಬಿ. ಪೂರಾಳ ಮನೆಯ ಗಳ ನನಗೆ ಗಿಡ್ಡ, ನನ್ನದು ಅವಳಿಗೆ ಉದ್ದ. ಅವರವರ ಗೋಡೆಗೆ ತಕ್ಕಂತೆ ಕತ್ತರಿಸಿದ್ದಲ್ಲವೇ? ನಮ್ಮದು ಅರಮನೆಯ ಗೋಡೆ. ಬೇಸಿಗೆಯಲ್ಲಿ ಎರಡು ಹೊತ್ತು ಡಬ್ಬಿ ತುಂಬಿಸಿ ಮೇಲಿನ ಸಾಲಿಗೆ ಎತ್ತುವಾಗ ಅರ್ಧ ನೀರು ನನ್ನ ತೋಳಿನೊಳಗೇ ಇಳಿಯುತ್ತದೆ.

ಮುಂದಿನ ತಿಂಗಳ ಸೇಂಟ್ ಜೋಸೆಫರ ಹಬ್ಬದೊಳಗೆ ನಾನು ಟ್ರಸ್ಟಿನವರಿಗೆ ಉತ್ತರ ಕೊಡಬೇಕಂತೆ. ಬೇಕಾದರೆ ಕೋಣೆಯಲ್ಲೇ ಇದ್ದು ಹೊಸ ತೋಟ ನೋಡಿಕೊಳ್ಳಬಹುದು. ಬೇಡವಾದರೆ ಪಿಂಚಣಿ ತೆಗೆದುಕೊಂಡು ಎಲ್ಲಿಗೆ ಬೇಕೋ ಹೋಗಬಹುದು. ಎಲ್ಲಿಗೆ ಹೋಗುತ್ತೀರಿ ಎಂದು ಲೆಯೊನೊರ್ ಕೇಳಿದಳು. ಒಲೆಯ ಮೇಲೆ ಹಾಲಿದೆ ಎಂದು ಎದ್ದುಬಂದೆ. ಹಾಲಿರಲಿಲ್ಲ.

ನಿನ್ನ ತಂಗಿ ಎನ್‌ಗ್ರಾಸಿಯಾ ಕಡಲತೀರದ ಕಾದಿಸ್‌ಗೆ ಕರೆದಾಗ ನೀನು ಒಂದೇ ಚೀಲ ಹಿಡಿದು ಹೊರಟೆ. ನನ್ನನ್ನೂ ಬಾ ಎಂದೆ. ಕುಂಡಗಳಿಗೆ ನೀರು ಹಾಕುವವರು ಯಾರು ಎಂದು ಕೇಳಿದೆ. ಆಗ ನೀನು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಹಂಗಾದ್ರೆ ಕುಂಡಗಳ ಜೊತೆನೇ ಸಂಸಾರ ಮಾಡು." ಮಾಡಿದೆ. ಎಂಟು ವರ್ಷ ಚೆನ್ನಾಗಿಯೇ ಮಾಡಿದೆ, ಒಂದು ಗಿಡವನ್ನೂ ಒಣಗಲು ಬಿಡಲಿಲ್ಲ. ನಾನು ಮಾಡಿದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತು ಎರಡನೇ ಸಲ ಕೇಳಬಹುದಿತ್ತು ನೀನು. ಕ್ರಿಸ್‌ಮಸ್‌ಗೆ ನೀನು ಕಳಿಸುವ ಉಪ್ಪುಮೀನಿನ ಪೊಟ್ಟಣದಲ್ಲಿ ಪ್ರತಿಸಲವೂ ಒಂದು ಚೀಟಿ ಹುಡುಕುತ್ತೇನೆ. ಮೀನು ಮಾತ್ರ ಇರುತ್ತದೆ.

ಇರಲಿ. ಕೇಳಬೇಕಾದದ್ದು ಇಷ್ಟೆ. ಬಳ್ಳಿಯಿಂದ ಕಡ್ಡಿ ತೆಗೆದರೆ ಈ ಚಳಿಯಲ್ಲಿ ಬೇರು ಬಿಡುತ್ತದೆಯೇ? ಒದ್ದೆ ಬಟ್ಟೆಯಲ್ಲಿ ಸುತ್ತಿದರೆ ಎಷ್ಟು ದಿನ ತಡೆಯುತ್ತದೆ? ಮತ್ತೆ ಕಡಲಿನ ಉಪ್ಪುಗಾಳಿಗೆ ಜೆರೇನಿಯಂ ಬದುಕುತ್ತದೆಯೇ ಎಂದು ಪೂರಾ ಕೇಳುತ್ತಿದ್ದಳು. ಅವಳಿಗೆ ಅದೇಕೆ ಬೇಕೋ ಗೊತ್ತಿಲ್ಲ.

ಅಂಗಳದ ತುಂಬ ಕಹಿ ಕಿತ್ತಳೆ ಉದುರಿದೆ. ಗುಡಿಸಬೇಕು. ಒಬ್ಬ ಪ್ರವಾಸಿ ಈಗಷ್ಟೇ ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡ. ನೀನಿದ್ದಿದ್ದರೆ ನಾವಿಬ್ಬರೂ ಕಿಟಕಿಯ ಹಿಂದೆ ನಿಂತು ನಗುತ್ತಿದ್ದೆವು. ಒಬ್ಬಳೇ ನಗುವುದಕ್ಕೂ ಆಯಾಸ.

ಎನ್‌ಗ್ರಾಸಿಯಾಗೆ ನೆನಪು ತಿಳಿಸು.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಕಸಿಲ್ದಾ

ಮರೆತಿದ್ದೆ: ಎನ್‌ಗ್ರಾಸಿಯಾಳ ಅಂಗಳದ ಗೋಡೆ ಎಷ್ಟು ಎತ್ತರ? ಸರಿಯಾಗಿ ಅಳೆದು ಹಬ್ಬದೊಳಗೆ ಬರೆ. ಇಷ್ಟುದ್ದದ ಗಳವನ್ನು ಬಸ್ಸಿನವನು ಹತ್ತಿಸಿಕೊಳ್ಳುವುದಿಲ್ಲ. ಇಲ್ಲಿಯೇ ಕತ್ತರಿಸಿಕೊಂಡು ಬರುತ್ತೇನೆ.