ಬಾಯಿ ತೆರೆದ ವೈರು

ಮಾರ್ಚ್ 3, ಸೋಮವಾರ

ಮೆಟ್ಟಿಲ ಕೆಳಗಿನ ನೆಟ್‌ವರ್ಕ್ ಸ್ವಿಚ್ಚಿನ ಫ್ಯಾನು ಮತ್ತೆ ಕರಕರ. ಆಸ್ಪತ್ರೆಯ ವೈರುಗಳೆಲ್ಲ ನನ್ನ ಪಾಲಿನ ಕೆಲಸ. ಧೂಳು ಊದಿ ಬಂದೆ. ಹೋದ ವರ್ಷದವರೆಗೆ ಐಸಿಯುನಲ್ಲಿ ಮಾನಿಟರುಗಳ ಒಂದೇ ಕೇಬಲ್ ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಿತ್ತು. ನಡುವೆ ಕಿತ್ತರೆ ಅದರಾಚೆಯವರೆಲ್ಲರ ಎದೆಬಡಿತದ ಗೆರೆ ನರ್ಸ್ ಮೇಜಿನ ಸ್ಕ್ರೀನಿನಲ್ಲಿ ಹೆಪ್ಪುಗಟ್ಟುತ್ತಿತ್ತು. ಕಾಡಿ ಬೇಡಿ ಸ್ಟಾರ್ ಮಾಡಿಸಿದೆ. ಪ್ರತಿ ಹಾಸಿಗೆಗೂ ಅದರದೇ ವೈರು. ಒಂದು ಹೋದರೆ ಒಂದೇ ಹೋಗುತ್ತದೆ. ಆದರೆ ಎಲ್ಲವೂ ಸೇರುವುದು ಈ ಕರಕರ ಡಬ್ಬಕ್ಕೆ. ಇದೇ ಕೈಕೊಟ್ಟರೆ...

ಗುರುವಾರ ಅಪ್ಪನ ಹೃದಯದ ಆಪರೇಷನ್. ನಮ್ಮ ಆಸ್ಪತ್ರೆಯಲ್ಲೇ.

ಮಾರ್ಚ್ 4

ಮ್ಯಾನೇಜರ್ ಹತ್ತಿರ ಇನ್ನೊಂದು ಸ್ವಿಚ್ ಕೇಳಿದೆ. ಎಲ್ಲವನ್ನೂ ಎಲ್ಲಕ್ಕೂ ಜೋಡಿಸುವ ಮೆಶ್ ಕೇಳಲಿಲ್ಲ, ಅಷ್ಟು ದುರಾಸೆ ಇಲ್ಲ. ನೋಡೋಣ ಅಂದರು. ಅವರ 'ನೋಡೋಣ' ನನಗೆ ಗೊತ್ತಿಲ್ಲದ್ದೇ?

ಅಪ್ಪನ ಮುಂದೆ ಗೋಳು ತೋಡಿಕೊಂಡೆ. ಜೀವಮಾನವೆಲ್ಲ ನಲ್ಲಿ ಪೈಪು ಕೂಡಿಸಿದವರು. ಅವರಿಗೆ ಎಲ್ಲವೂ ನೀರೇ.

"ಸುತ್ತು ಲೈನ್ ಹಾಕಮ್ಮ. ಒಂದ್ ಕಡೆ ಒಡೆದ್ರೆ ಇನ್ನೊಂದ್ ಕಡೆಯಿಂದ ಬರುತ್ತೆ."

ನಾವು ರಿಂಗ್ ಅನ್ನುವುದು ಅದನ್ನೇ. ನಮ್ಮ ಅಗ್ಗದ ಸ್ವಿಚ್ಚಿಗೆ ಸುತ್ತು ಆಗಿಬರುವುದಿಲ್ಲ ಅಂದೆ. ಒಂದು ಸಂದೇಶ ಸುತ್ತಿ ಸುತ್ತಿ ಸಾವಿರವಾಗಿ ದಾರಿಯನ್ನೇ ಕಟ್ಟಿಬಿಡುತ್ತದೆ. ನೀರು ಹಾಗೆಲ್ಲ ಮಾಡಲ್ಲ ಅಂದರು, ಜಂಬದಿಂದ.

ಮಾರ್ಚ್ 5

ಮೂಲೆ ಹಾಸಿಗೆಯ ಪಕ್ಕದಲ್ಲಿರುವ ಪುಟ್ಟ ಸ್ವಿಚ್ಚಿಗೆ ಎರಡನೇ ವೈರು ಹಾಕಿ, ಇನ್ನೊಂದು ತುದಿಯನ್ನು ಮೆಟ್ಟಿಲ ಕೆಳಗಿನ ಡಬ್ಬಕ್ಕೆ ಹೋಗುವ ಗೋಡೆಯ ಸಾಕೆಟ್ ಹತ್ತಿರ ಬಿಟ್ಟೆ. ಮೊದಲನೆಯದು ಕೆಟ್ಟರೆ ಅದನ್ನು ಕಿತ್ತು ಇದನ್ನು ಚುಚ್ಚಬೇಕು. ಎರಡೂ ಒಟ್ಟಿಗೆ ಕೂಡದು, ಸುತ್ತಾಗುತ್ತದೆ. ಮೆಟ್ಟಿಲ ಕೆಳಗಿನ ರೋಗಕ್ಕೆ ಇದು ಮದ್ದಲ್ಲ, ಗೊತ್ತು. ಕೈ ಸುಮ್ಮನಿರಲಿಲ್ಲ.

'ಚುಚ್ಚಬೇಡಿ' ಅಂತ ಚೀಟಿ ಅಂಟಿಸಬೇಕು. ಟೇಪು ಖಾಲಿ. ನಾಳೆ.

ಮಾರ್ಚ್ 6

ಆಪರೇಷನ್ ಆಯಿತು. ಅಪ್ಪನಿಗೆ ಮೂಲೆ ಹಾಸಿಗೆ. ಸ್ಕ್ರೀನಿನಲ್ಲಿ ಅವರ ಹಸಿರು ಗೆರೆ ಓಡುತ್ತಿದೆ. ಆ ವೈರಿನ ತುದಿ ಕಟ್ಟಿದ್ದು ನಾನೇ. ಸರಿಯಾಗಿ ಕಟ್ಟಿದ್ದೆನಾ?

ಮಾರ್ಚ್ 8

ಅಪ್ಪ ಎದ್ದು ಕೂತರು. ಖುಷಿಯಾಗಿ ಟೀ ಕುಡಿಯಲು ಹೋದೆ. ವಾಪಸ್ ಬಂದರೆ ಸ್ಕ್ರೀನಿನಲ್ಲಿ ಹನ್ನೆರಡೂ ಹಾಸಿಗೆಯ ಗೆರೆಗಳು ಹೆಪ್ಪುಗಟ್ಟಿವೆ. ನರ್ಸುಗಳು ಹಾಸಿಗೆ ಹಾಸಿಗೆಗೆ ಓಡಿದರು, ನಾನು ಮೆಟ್ಟಿಲ ಕೆಳಗೆ. ಫ್ಯಾನು ತಿರುಗುತ್ತಿತ್ತು. ದೀಪಗಳೆಲ್ಲ ಹುಚ್ಚು ಹಿಡಿದ ಹಾಗೆ ಒಟ್ಟಿಗೆ ಮಿಟುಕುತ್ತಿದ್ದವು. ಸುತ್ತು! ಮೂಲೆಗೆ ಬಂದು ನೋಡಿದರೆ ಎರಡನೇ ವೈರು ಗೋಡೆಯಲ್ಲಿ. ಕಿತ್ತೆ. ಗೆರೆಗಳು ಒಂದೊಂದಾಗಿ ಬಂದವು. ಅಪ್ಪನದು ಕೊನೆಗೆ.

ಯಾರು ಚುಚ್ಚಿದ್ದು ಅಂತ ಕೂಗಾಡಿದೆ. ಅಪ್ಪ ಹಾಸಿಗೆಯಿಂದಲೇ ಕೈ ಎತ್ತಿದರು.

"ನಾನೇ ಕಣಮ್ಮ. ಬಾಯಿ ತೆರೆದು ಬಿದ್ದಿತ್ತು. ನೀನು ಮರೆತಿದ್ದೀಯ, ಬೈಸ್ಕೋತೀಯ ಅಂದ್ಕೊಂಡೆ."

ಕೋಪ ಬರಲೇ ಇಲ್ಲ. ಅವರ ಕೈ ಹಿಡಿದು ಅತ್ತೆ.

ಮಾರ್ಚ್ 10

ತಪ್ಪು ನನ್ನದೇ, ಚೀಟಿ ಅಂಟಿಸಿರಲಿಲ್ಲ ಎಂದು ಮ್ಯಾನೇಜರಿಗೆ ಬರೆದುಕೊಟ್ಟೆ. ಬೈದರು. ಹೊಸ ಸ್ವಿಚ್ಚೂ ತರಿಸುತ್ತಾರಂತೆ! ಅದಕ್ಕೆ ಬುದ್ಧಿ ಇದೆ, ಸುತ್ತು ಹಾಕಬಹುದು. ಅಪ್ಪನಿಗೆ ಹೇಳಿದೆ. ನಾನು ಹೇಳಿರಲಿಲ್ವಾ ಅನ್ನುವ ನಗು.

ಮಾರ್ಚ್ 11, ಸಂಜೆ

ಅಪ್ಪನದೊಂದೇ ಗೆರೆ ಸರಿಯಿಲ್ಲ. ಉಳಿದ ಹನ್ನೊಂದೂ ಸರಿ. ಡಾಕ್ಟರ್ ಪರದೆ ಎಳೆದು ನನ್ನನ್ನು ಹೊರಗೆ ಕಳಿಸಿದರು.

ಒಂದೇ ಹೋದರೆ ಕೆಟ್ಟಿದ್ದು ಅದರ ವೈರು. ಸ್ಟಾರ್ ಅಂದರೆ ಹಾಗೇ. ಮೆಟ್ಟಿಲ ಕೆಳಗೆ ಕೂತಿದ್ದೇನೆ. ಆದರೆ ವೈರು ಹೋದರೆ ಗೆರೆ ಹೆಪ್ಪುಗಟ್ಟುತ್ತದೆ. ಇದು ಓಡುತ್ತಿತ್ತು, ಏರಿಳಿತವಿಲ್ಲದೆ, ನೆಟ್ಟಗೆ...

ಅಪ್ಪನ ವೈರಿಗೆ ಟೆಸ್ಟರ್ ಹಚ್ಚಿದೆ. ಸರಿ ಇದೆ. ಮತ್ತೆ ಹಚ್ಚಿದೆ. ಸರಿ ಇದೆ. ಮೇಲೆ ಐಸಿಯು ಬಾಗಿಲಲ್ಲಿ ಕೂತಿದ್ದ ಅಮ್ಮ ಕರೆಯುತ್ತಿದ್ದಾಳೆ. ದೇವರೇ, ಎಲ್ಲಾದರೂ ಒಂದು ತುದಿ ಸಡಿಲವಾಗಿರಲಿ. ಇನ್ನೊಂದು ಸಲ ನೋಡಿ—