ಅದು ಸೈಕಲ್ ಗ್ರೀಸಲ್ಲ ಕಣ್ರೀ

ರೀ,

ನಿಮ್ಮ ಆ ಶಕ್ತಿ ಬರೋ ಬೆಳ್ಳಿ ನೀರನ್ನ ಬಚ್ಚಲಿಗೆ ಸುರಿದಿದ್ದೀನಿ, ಬಾಟಲಿ ಹುಡುಕಬೇಡಿ.

"ನ್ಯಾನೋ ಬೆಳ್ಳಿ ಕಣೇ, ಕಣ್ಣಿಗೇ ಕಾಣದಷ್ಟು ಸಣ್ಣ ಪುಡಿ, ದಿನಕ್ಕೊಂದು ಚಮಚ ಏನ್ ಮಾಡುತ್ತೆ?" ಅಂತ ಎರಡು ವರ್ಷ ನನ್ನ ಬಾಯಿ ಮುಚ್ಚಿಸಿದಿರಿ. ಅಷ್ಟು ಸಣ್ಣದಕ್ಕೆ ಮೈಯೊಳಗೆ ನುಗ್ಗೋಕೆ ಬಾಗಿಲು ಬೇರೆ ಬೇಕಾ? ನಿಮ್ಮ ಉಗುರು ಬೂದಿ ಬಣ್ಣಕ್ಕೆ ತಿರುಗಿದರೆ ಸೈಕಲ್ ಗ್ರೀಸು ಅಂತ ಸೀಮೆಎಣ್ಣೆ ಹಾಕಿ ಉಜ್ಜಿದ್ದೇ ಉಜ್ಜಿದ್ದು. ನಿಮ್ಮ ಸೈಕಲ್ ರಿಪೇರಿ ಅಂಗಡಿ ಮುಚ್ಚಿ ತಿಂಗಳಾಯ್ತು, ಮಹಾರಾಯರೇ! ಗ್ರೀಸೇನು ಕನಸಲ್ಲಿ ಬಂದು ಅಂಟುತ್ತಾ? ಅದು ಮೈಯೊಳಗೆ ಸೇರಿಕೊಂಡ ಆ ಬೆಳ್ಳಿನೇ ಕಣ್ರೀ.

ಅಡುಗೆ ಒಲೆ ಮೇಲಿದೆ. ಉಂಡು ನೇರ ಆಸ್ಪತ್ರೆಗೆ ಬನ್ನಿ. ಮೊಮ್ಮಗಳನ್ನ ಕರ್ಕೊಂಡು ಅಲ್ಲೇ ಇರ್ತೀನಿ. ಬೆಳಿಗ್ಗೆ ಪುಟ್ಟ ಕೈ ಚಾಚಿ ಕೇಳಿದಳು: "ಅಜ್ಜಿ, ತಾತ ನಂಗೂ ದಿನಾ ಒಂದು ಚಮಚ ಬೆಳ್ಳಿ ನೀರು ಕೊಡ್ತಾರಲ್ಲ, ನನ್ನ ಉಗುರು ಯಾವಾಗ ಬೆಳ್ಳಿ ಆಗುತ್ತೆ?"