ಗಂಟೆಯಂತೆ ನುಡಿದ ನೆಲ

ನಾಂತ್
ಗುರುವಾರ, 14 ಫೆಬ್ರವರಿ 1895

ಪ್ರೀತಿಯ ಮಗಳು ಝೆಲಿಗೆ ಅಪ್ಪನ ಮುದ್ದುಗಳು.

ನಿನ್ನ ಎರಡು ಕಾಗದಕ್ಕೂ ಉತ್ತರವಿಲ್ಲವೆಂದು ಮೂಗು ಊದಿಸಿಕೊಂಡಿರುತ್ತೀಯ. ತಪ್ಪು ನನ್ನದೇ. ಮೊನ್ನೆ ಸೋಮವಾರ ಬಿಸಿ ಸಾರು ಚೆಲ್ಲಿ ಎಡಗಾಲು ಮೊಣಕಾಲಿನವರೆಗೆ ಸುಟ್ಟಿತು. ಗಾಬರಿಯಾಗಬೇಡ, ಕಾಲು ಉಳಿಯುತ್ತದಂತೆ. ಮನೆಯೊಡತಿ ಮದಾಮ್ ಲೆ ಗಾಲ್ ಬೆಣ್ಣೆ ಹಚ್ಚುತ್ತಾ, "ಈ ವಯಸ್ಸಲ್ಲಿ ಸಾರು ಬಾಯಿಗೆ ಹಾಕ್ಕೋಬೇಕು, ಕಾಲಿಗಲ್ಲ" ಎಂದು ದಿನಕ್ಕೆರಡು ಸಲ ಬೈಯುತ್ತಾಳೆ. ಎದ್ದು ರೈಲು ಹತ್ತುವಂತಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ.

ಬರುವ ಸೋಮವಾರ ನಿಮ್ಮೂರು ರುಬೇಯ ಹೊಸ ನೂಲಿನ ಗಿರಣಿ ಶುರುವಾಗುತ್ತದೆ, ಬಾಯ್ಲರ್ ಹೊತ್ತಿಸುವವನು ನಿನ್ನ ಗಂಡ ಒದಿಲೋಂ, ಎರಡನೇ ಮಹಡಿಯಲ್ಲಿ ನಿನಗೂ ಜಾಗ ಸಿಕ್ಕಿದೆ, ಕೊನೆಗೂ ಬೆಚ್ಚಗಿರುತ್ತೇನೆ ಎಂದು ಬರೆದಿದ್ದೀಯ. ಝೆಲಿ, ಆ ಗಿರಣಿಯೊಳಗೆ ಕಾಲಿಡಬೇಡ.

ಕಾರಣ ಹೇಳದಿದ್ದರೆ ನೀನು ಕೇಳುವವಳಲ್ಲ, ನಿನ್ನಮ್ಮನ ಹಾಗೆಯೇ. ಇಲ್ಲಿಗೆ ಬಂದ ವಾರವೇ ಒಂದು ಕಾಂಕ್ರೀಟು ದಿಮ್ಮಿ ಎರೆದು ಅಂಗಳದ ಹಿಮದಲ್ಲಿ ಬಿಟ್ಟಿದ್ದೆ. ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ನುಡಿಯಿತು. ಗಟ್ಟಿಯಾಯಿತೆಂದು ಒಳಗೆ ತರಿಸಿ, ಒಲೆಯ ಪಕ್ಕ ಕೂರಲು ಹಾಕಿಸಿದೆ. ಸೋಮವಾರ ಮಧ್ಯಾಹ್ನ ಅದರ ಮೇಲೆ ಕೂತೆ. ಕುಸಿಯಿತು. ಬೀಳುವಾಗ ಸಾರಿನ ಪಾತ್ರೆಯನ್ನೂ ಎಳೆದುಕೊಂಡೆ.

"ಮೇಸ್ತ್ರಿಗಳೇ, ನಿಮ್ಮ ಕಲ್ಲು ಗಂಜಿ ಆಯ್ತಲ್ಲ!" ಎಂದು ಆಳುಗಳು ನಕ್ಕರು. ನೋವಿನಲ್ಲೂ ನಾನು ನಕ್ಕೆ. ಆಮೇಲೆ ಒಂದು ಹಿಡಿ ಎತ್ತಿ ನೋಡಿದೆ. ಒದ್ದೆ ಮರಳು. ಅದು ಗಟ್ಟಿಯಾಗಿರಲೇ ಇಲ್ಲ, ಒಳಗಿನ ನೀರು ಮಾತ್ರ ಹೆಪ್ಪುಗಟ್ಟಿತ್ತು.

ರುಬೇಯ ಗಿರಣಿಯ ಮಹಡಿ ನೆಲವನ್ನೂ ಅಂಥದೇ ಹಿಮದಲ್ಲಿ ಎರೆದೆವು. ಅದನ್ನೂ ನಾನೇ ತಟ್ಟಿದೆ, ಅದೂ ಗಂಟೆಯಂತೆಯೇ ನುಡಿಯಿತು. ಕೆಳಗಿನ ಆಸರೆ ಕಂಬಗಳನ್ನು ತೆಗೆಸಿ ಮೇಲೆ ಮರಳು ಮೂಟೆ ಪೇರಿಸಿದಾಗ ನೀನು ನನ್ನ ಕೈ ಹಿಡಿದು ಕೆಳಗೆ ನಿಂತಿದ್ದೆಯಲ್ಲ? ಕೂದಲೆಳೆಯಷ್ಟೂ ಬಗ್ಗಲಿಲ್ಲ, ಎಲ್ಲರೂ ಚಪ್ಪಾಳೆ ಹೊಡೆದರು. ಅಂದು ಆ ಭಾರ ಹೊತ್ತದ್ದು ಮಂಜುಗಡ್ಡೆ, ಮಗಳೇ. ಬಾಯ್ಲರ್ ಹೊತ್ತಿದರೆ ಅದು ಕರಗುತ್ತದೆ.

ಮಾಲೀಕ ದೆಲ್ಬಾರ್‌ಗೆ ತಂತಿ ಕಳಿಸಿದೆ. "ನೆಲ ಭದ್ರವಾಗಿದೆ. ಜ್ವರ ಇಳಿದ ಮೇಲೆ ಬರೆಯಿರಿ" ಎಂದು ಉತ್ತರ ಬಂತು. ನಕ್ಷೆ ಬರೆದ ಪ್ಯಾರಿಸ್ಸಿನ ಇಂಜಿನಿಯರ್ ಇಟಲಿಯಲ್ಲಿದ್ದಾರಂತೆ, ಬರಲು ಹತ್ತು ದಿನ.

"ಅಪ್ಪಾ, ಈ ಕಾಂಕ್ರೀಟು ಸುಡಲ್ಲ ಅಂತ ನೀನೇ ಹೇಳ್ತಿದ್ದೆಯಲ್ಲ?" ಎನ್ನುತ್ತೀಯ. ಹೌದು. ಮರದ ಮಹಡಿಯ ಗಿರಣಿ ಹೊತ್ತಿ ಉರಿದು ನಿನ್ನಮ್ಮ ಹೋದ ಮೇಲೆಯೇ ನಾನು ಬಡಗಿತನ ಬಿಟ್ಟು ಈ ಹೊಸ ಕೆಲಸ ಕಲಿತದ್ದು. ಇನ್ನೊಬ್ಬ ಹೆಂಗಸು ಹಾಗೆ ಸಾಯಬಾರದೆಂದು. ಈಗಲೂ ಈ ಕಾಂಕ್ರೀಟನ್ನು ನಂಬುತ್ತೇನೆ, ಅವಸರ ಮಾಡದಿದ್ದರೆ.

ನಿನ್ನ ಸಾಲಿನ ಹುಡುಗಿಯರಿಗೂ ಹೇಳು. ಒದಿಲೋಂ ಬೆಂಕಿ ಹಾಕದಿರಲಿ, ಕೆಲಸ ಹೋದರೆ ಹೋಗಲಿ. ದೇವಮಾತೆ ನಿಮ್ಮಿಬ್ಬರನ್ನೂ ಕಾಯಲಿ.

ವಿತಾಲ್ ದೆಕ್ರುವಾ
ಕಟ್ಟಡದ ಮೇಸ್ತ್ರಿ

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಹಿಮ ಪೂರ್ತಿ ಹೋಗಿ ಎರಡು ವಾರ ಕಳೆಯುವವರೆಗೆ ಆಸರೆ ಮುಟ್ಟಬೇಡಿ ಎಂದು ಇಂಜಿನಿಯರ್ ನನಗೆ ಮೊದಲೇ ಬರೆದಿದ್ದರು. "ನಿಮ್ಮ ಹೊಸ ಕಲ್ಲಿನ ಮೇಲೆ ನಿಮಗೇ ನಂಬಿಕೆ ಇಲ್ವೇನ್ರಿ?" ಎಂದು ದೆಲ್ಬಾರ್ ಎಲ್ಲರೆದುರು ಚುಚ್ಚಿದ. ಆ ಕಾಗದವನ್ನು ಜೇಬಿನಿಂದ ತೆಗೆಯಲೇ ಇಲ್ಲ. "ಮಾವಾ, ಸ್ವಲ್ಪ ಕಾಯೋಣ್ವಾ?" ಎಂದವನು ಒದಿಲೋಂ ಒಬ್ಬನೇ, ಅವನನ್ನು ಹೇಡಿ ಎಂದೆ. ಆ ಕಾಗದ ಈ ಲಕೋಟೆಯಲ್ಲೇ ಇದೆ. ಸೋಮವಾರ ಬೆಳಗಾಗುವ ಮೊದಲು ಅದನ್ನೂ ನನ್ನ ಈ ಕಾಗದವನ್ನೂ ಮೇಯರ್ ಮನೆಗೆ ಒಯ್ದು ಕೊಡು. ಆಸರೆ ತೆಗೆಸಿದವರು ಯಾರೆಂದು ಕೇಳುತ್ತಾರೆ, ನನ್ನ ಸಹಿ ತೋರಿಸು. ಅದಕ್ಕೇ ಈ ಸಲ ಕೆಳಗೆ 'ನಿನ್ನ ಅಪ್ಪ' ಎಂದು ಬರೆಯಲಿಲ್ಲ.